ತೋಳೂ ಹೃದಯವೂ

ಬೀದರ್ ಜಿಲ್ಲೆಯ ಹುಮನಾಬಾದಿನಲ್ಲಿ ವರ್ಷಕ್ಕೊಮ್ಮೆ ವೀರಭದ್ರೇಶ್ವರನ ತೇರು ಸಾಗುವ ದಿನ ಊರಿಗೆ ಊರೇ ಬೀದಿಗಿಳಿಯುತ್ತದೆ. ಸುತ್ತಣ ಹಳ್ಳಿಗಳಿಂದ ಬಂದ ಜನ ಮಿಣಿಗೆ ಕೈಹಚ್ಚುತ್ತಾರೆ. ತೊಗರಿಯ ಚೀಲ ಹೊತ್ತು ಪಳಗಿದ ಹಮಾಲನ ತೋಳು, ನೇಗಿಲು ಹಿಡಿದು ಗಟ್ಟಿಯಾದ ರೈತನ ತೋಳು, ಲೇಖನಿಯನ್ನಲ್ಲದೆ ಮತ್ತೇನನ್ನೂ ಎತ್ತದ ವಿದ್ಯಾರ್ಥಿಯ ತೋಳು, ಎಲ್ಲವೂ ಒಂದೇ ಹಗ್ಗವನ್ನು ಜಗ್ಗುತ್ತವೆ. ತೇರು ನೆಲೆಗೆ ಬಂದು ನಿಂತೊಡನೆ ಜನರು ಮಿಣಿಯನ್ನು ಬಿಟ್ಟು, ಬೆವರೊರೆಸಿಕೊಂಡು, ನೆರಳಿಗೆ ಸರಿಯುತ್ತಾರೆ. ದುಡಿದ ತೋಳಿಗೆ ವಿಶ್ರಾಂತಿ ದೊರೆಯುತ್ತದೆ. ಆದರೆ ಅದೇ ದೇಹದೊಳಗೆ, ಎದೆಗೂಡಿನ ಮರೆಯಲ್ಲಿ, ಇನ್ನೊಂದು ಸ್ನಾಯು ತನ್ನ ಪಾಡಿಗೆ ತಾನು ದುಡಿಯುತ್ತಲೇ ಇರುತ್ತದೆ. ಅದಕ್ಕೆ ನೆರಳೂ ಇಲ್ಲ, ಬಿಡುವೂ ಇಲ್ಲ. ಅದೇ ಹೃದಯ.

ಬಿಗಿಹಿಡಿದ ಮುಷ್ಟಿಯಷ್ಟು ಗಾತ್ರದ, ಸುಮಾರು ೩೦೦ ಗ್ರಾಂ ತೂಕದ ಈ ಅಂಗ ನಿಮಿಷಕ್ಕೆ ಸುಮಾರು ೭೨ ಬಾರಿ, ದಿನವೊಂದಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಬಾರಿ ಮಿಡಿಯುತ್ತದೆ. ಎಲುಬುಗಳಿಗೆ ಅಂಟಿಕೊಂಡು ಅವನ್ನು ಚಲಿಸುವಂತೆ ಮಾಡುವ ಸ್ನಾಯುಗಳು ನಮ್ಮ ದೇಹದಲ್ಲಿ ೬೦೦ಕ್ಕೂ ಮಿಗಿಲಾಗಿವೆ. ಇವನ್ನು ಅಸ್ಥಿಸ್ನಾಯುಗಳೆನ್ನುತ್ತಾರೆ. ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು ನೋಡಿದರೆ ಅಸ್ಥಿಸ್ನಾಯುವಿನಲ್ಲಿಯೂ ಹೃದಯಸ್ನಾಯುವಿನಲ್ಲಿಯೂ ಒಂದೇ ಬಗೆಯ ಅಡ್ಡಪಟ್ಟೆಗಳು ಕಾಣುತ್ತವೆ. ಆಕ್ಟಿನ್ ಮತ್ತು ಮಯೋಸಿನ್ ಎಂಬ ಪ್ರೋಟೀನುಗಳ ಎಳೆಗಳು ಒಂದರ ಮೇಲೊಂದು ಜಾರುವುದರಿಂದಲೇ ಎರಡೂ ಸಂಕುಚಿಸುತ್ತವೆ. ಹೊರನೋಟಕ್ಕೆ ಇವು ಒಡಹುಟ್ಟಿದವರಂತೆ ತೋರುತ್ತವೆ. ಸ್ವಭಾವದಲ್ಲಿ ಮಾತ್ರ ಇವುಗಳ ನಡುವೆ ಬಹಳ ಅಂತರವಿದೆ.

ತೋಳು ನಮ್ಮ ಇಚ್ಛೆಗೆ ಒಳಪಟ್ಟಿದೆ. ಹೃದಯ ನಮ್ಮ ಅಪ್ಪಣೆಗಾಗಿ ಕಾಯುವುದಿಲ್ಲ. ಇದು ಎಲ್ಲರಿಗೂ ತಿಳಿದ ವ್ಯತ್ಯಾಸ. ಅಷ್ಟಾಗಿ ತಿಳಿಯದ ಮತ್ತೊಂದು ವ್ಯತ್ಯಾಸವಿದೆ. ತೋಳಿನ ಸ್ನಾಯುವಿಗೆ ಪೆಟ್ಟಾದರೆ ಅದು ಬಹುಮಟ್ಟಿಗೆ ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಸ್ನಾಯುತಂತುಗಳ ಮಗ್ಗುಲಲ್ಲಿ ನಿದ್ರಿಸುತ್ತಿರುವ ಕೆಲವು ಮೂಲಕೋಶಗಳು ಪೆಟ್ಟು ಬಿದ್ದೊಡನೆ ಎಚ್ಚೆತ್ತು, ಸಂಖ್ಯೆಯಲ್ಲಿ ಹೆಚ್ಚಿ, ಹೊಸ ತಂತುಗಳನ್ನು ಕಟ್ಟಿಕೊಡುತ್ತವೆ. ಹೃದಯಕ್ಕೆ ಈ ಭಾಗ್ಯವಿಲ್ಲ. ಸ್ವೀಡನ್ ದೇಶದ ಸ್ಟಾಕ್‌ಹೋಮಿನ ವಿಜ್ಞಾನಿಗಳು ೨೦೦೯ರಲ್ಲಿ ಇದನ್ನು ಒಂದು ಜಾಣ ಉಪಾಯದಿಂದ ಅಳೆದರು. ಹಿಂದಿನ ಶತಮಾನದ ನಡುವಿನಲ್ಲಿ ನಡೆದ ಪರಮಾಣು ಬಾಂಬುಗಳ ಪರೀಕ್ಷೆಯಿಂದ ವಾತಾವರಣದಲ್ಲಿ ವಿಕಿರಣಶೀಲ ಇಂಗಾಲದ ಪ್ರಮಾಣ ಏರಿ, ಬಳಿಕ ಇಳಿಯುತ್ತ ಬಂದಿತಷ್ಟೆ. ಜೀವಕೋಶಗಳಲ್ಲಿ ಅಡಗಿದ ಆ ಇಂಗಾಲವನ್ನು ಅಳೆದು ಅವರು ಹೃದಯದ ಕೋಶಗಳ ವಯಸ್ಸನ್ನು ಎಣಿಸಿದರು. ಇಪ್ಪತ್ತೈದರ ಹರೆಯದಲ್ಲಿಯೂ ವರ್ಷವೊಂದಕ್ಕೆ ಹೃದಯಸ್ನಾಯುವಿನ ನೂರು ಕೋಶಗಳಲ್ಲಿ ಸುಮಾರು ಒಂದು ಮಾತ್ರ ಹೊಸದಾಗುತ್ತದೆ. ಮುಪ್ಪಿನಲ್ಲಿ ಅದೂ ಅರ್ಧಕ್ಕಿಳಿಯುತ್ತದೆ. ಹುಟ್ಟಿನೊಡನೆ ಬಂದ ಕೋಶಗಳನ್ನೇ ಹೃದಯವು ಬಹುಪಾಲು ಬದುಕಿನುದ್ದಕ್ಕೂ ಕಾಪಾಡಿಕೊಳ್ಳಬೇಕು ಎಂಬುದು ಇದರ ಅರ್ಥ.

ಒಂದೇ ದೇಹದ ಎರಡು ಸ್ನಾಯುಗಳಲ್ಲಿ ಇಷ್ಟೊಂದು ಭೇದ ಹೇಗೆ ಬಂದಿತು? ತಾಯಿಯ ಗರ್ಭದಲ್ಲಿ ನಾವೆಲ್ಲರೂ ಒಂದೇ ಒಂದು ಕೋಶವಾಗಿ ಬದುಕನ್ನು ಆರಂಭಿಸಿದವರು. ಆ ಒಂದು ಕೋಶ ಎರಡಾಗಿ, ಎರಡು ನಾಲ್ಕಾಗಿ, ಕೋಟಿ ಕೋಟಿಯಾಗಿ ಬೆಳೆಯಿತು. ಪ್ರತಿ ಬಾರಿ ಒಡೆದಾಗಲೂ ತನ್ನಲ್ಲಿದ್ದ ಜೀನುಗಳ, ಅಂದರೆ ವಂಶವಾಹಿಗಳ, ಪೂರ್ಣ ಪ್ರತಿಯೊಂದನ್ನು ಹೊಸ ಕೋಶಕ್ಕೆ ಕೊಟ್ಟಿತು. ಪ್ರೋಟೀನುಗಳನ್ನು ತಯಾರಿಸುವ ವಿಧಾನವನ್ನು ಹೇಳುವ ಸುಮಾರು ೨೦,೦೦೦ ಜೀನುಗಳು ಮನುಷ್ಯನಲ್ಲಿವೆ. ಅವು ಕಣ್ಣಿನ ಕೋಶದಲ್ಲಿಯೂ ಇವೆ, ಚರ್ಮದ ಕೋಶದಲ್ಲಿಯೂ ಇವೆ, ತೋಳಿನಲ್ಲಿಯೂ ಹೃದಯದಲ್ಲಿಯೂ ಇವೆ. ಬರೆಹ ಒಂದೇ ಆಗಿದ್ದರೂ ಕೋಶಗಳು ಬೇರೆ ಬೇರೆಯಾದುದಕ್ಕೆ ಕಾರಣ, ಅವು ಆ ಬರೆಹವನ್ನು ಓದುವ ಬಗೆ ಬೇರೆಯಾಗಿರುವುದು.

ಈ ಮಾತನ್ನು ಅರಿಯಲು ಹುಮನಾಬಾದಿನ ನೆರೆಯಲ್ಲಿಯೇ ಇರುವ ಬಸವಕಲ್ಯಾಣವನ್ನು ನೆನೆಯಬಹುದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಕ್ರಾಂತಿಯ ಕಿಚ್ಚು ಹೊತ್ತಿದಾಗ ಶರಣರು ವಚನಗಳ ತಾಳೆಗರಿಯ ಕಟ್ಟುಗಳನ್ನು ಹೊತ್ತು ಊರು ಬಿಟ್ಟರೆಂದು ಪರಂಪರೆ ಹೇಳುತ್ತದೆ. ತಾಳೆಗರಿಯ ಗ್ರಂಥವನ್ನು ನೋಡಿದವರಿಗೆ ಅದರ ರಚನೆ ಗೊತ್ತು. ಗರಿಗಳಿಗೆ ತೂತು ಕೊರೆದು ದಾರ ಪೋಣಿಸಿ, ಮೇಲೂ ಕೆಳಗೂ ಹಲಗೆಯಿಟ್ಟು, ಬಿಗಿಯಾಗಿ ಸುತ್ತಿರುತ್ತಾರೆ. ಓದಬೇಕೆಂದರೆ ಮೊದಲು ದಾರವನ್ನು ಸಡಿಲಿಸಬೇಕು. ಬೇಕಾದ ಗರಿಯನ್ನು ಹೊರಳಿಸಬೇಕು. ಬಿಗಿದು ಕಟ್ಟಿದ ಗ್ರಂಥದಲ್ಲಿ ಅಕ್ಷರ ಅಳಿಸಿಹೋಗಿರುವುದಿಲ್ಲ. ಆದರೆ ಅದನ್ನು ಓದಲು ಬಾರದು. ನಮ್ಮ ಜೀನುಗಳೂ ಇಂಥ ಗ್ರಂಥದಂತೆಯೇ ಕಟ್ಟಲ್ಪಟ್ಟಿವೆ. ಈ ಗ್ರಂಥದ ವಿಶೇಷವೆಂದರೆ, ಒಂದೊಂದು ಗರಿಯ ದಾರವನ್ನೂ ಬೇರೆಯಾಗಿ ಬಿಗಿಯಬಹುದು, ಬೇರೆಯಾಗಿ ಸಡಿಲಿಸಬಹುದು.

ಒಂದು ಕೋಶದಲ್ಲಿರುವ ಡಿಎನ್‌ಎ ಎಳೆಗಳನ್ನೆಲ್ಲ ತುದಿಗೆ ತುದಿ ಜೋಡಿಸಿದರೆ ಅವುಗಳ ಉದ್ದ ಸುಮಾರು ಎರಡು ಮೀಟರು. ಅದನ್ನು ಅಡಗಿಸಿಟ್ಟಿರುವ ಕೋಶಕೇಂದ್ರದ ಅಗಲವಾದರೋ ಒಂದು ಮಿಲಿಮೀಟರಿನ ಸಾವಿರ ಪಾಲುಗಳಲ್ಲಿ ಕೆಲವೇ ಪಾಲುಗಳಷ್ಟು. ಇಷ್ಟು ಕಿರಿದಾದ ಸ್ಥಳದಲ್ಲಿ ಅಷ್ಟು ಉದ್ದದ ಎಳೆ ಸಿಕ್ಕಾಗದಂತೆ ಇರಬೇಕಾದರೆ ಅದನ್ನು ಉಂಡೆಗಳಿಗೆ ಸುತ್ತಬೇಕು. ಹಿಸ್ಟೋನ್ ಎಂಬ ಪ್ರೋಟೀನುಗಳು ಎಂಟೆಂಟು ಸೇರಿ ಇಂಥ ಉಂಡೆಗಳಾಗಿವೆ. ಹಿಸ್ಟೋನಿನ ತುದಿಗೆ ಅಸಿಟೈಲ್ ಎಂಬ ಚಿಕ್ಕದೊಂದು ರಾಸಾಯನಿಕ ಗುಂಪು ಅಂಟಿಕೊಂಡರೆ ಅಲ್ಲಿನ ಸುತ್ತು ಸಡಿಲವಾಗುತ್ತದೆ. ಆ ಭಾಗದ ಜೀನು ಓದಿಗೆ ದೊರೆಯುತ್ತದೆ. ಆ ಗುಂಪನ್ನು ಕಿತ್ತುಹಾಕಿದರೆ ಸುತ್ತು ಬಿಗಿಯಾಗುತ್ತದೆ. ಜೀನು ಮೌನ ತಾಳುತ್ತದೆ. ಅಂಟಿಸುವ ಕೆಲಸಕ್ಕೂ ಕೀಳುವ ಕೆಲಸಕ್ಕೂ ಬೇರೆ ಬೇರೆ ಕಿಣ್ವಗಳಿವೆ. ಬಿಚ್ಚುವ ಕೈ, ಕಟ್ಟುವ ಕೈ ಎಂದು ಇವನ್ನು ಕರೆಯಬಹುದು. ಯಾವ ಗರಿಯನ್ನು ಯಾವಾಗ ಓದಬೇಕೆಂದು ತೋರಿಸಿಕೊಡುವ ಪ್ರೋಟೀನುಗಳು ಇನ್ನೂ ಬೇರೆ. ಇವೆಲ್ಲವೂ ಕೂಡಿ ನಡೆಸುವ ಕಾರ್ಯಕ್ಕೆ ಜೀನುಗಳ ನಿಯಂತ್ರಣ ಎಂದು ಹೆಸರು.

ಈ ನಿಯಂತ್ರಣದ ಶಕ್ತಿ ಎಂಥದೆಂಬುದು ೧೯೮೭ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ನಡೆದ ಒಂದು ಪ್ರಯೋಗದಿಂದ ಜಗತ್ತಿಗೆ ಮನವರಿಕೆಯಾಯಿತು. ರಾಬರ್ಟ್ ಡೇವಿಸ್, ಹೆರಾಲ್ಡ್ ವೈನ್‌ಟ್ರಾಬ್ ಮತ್ತು ಆಂಡ್ರೂ ಲಸ್ಸಾರ್ ಎಂಬ ಮೂವರು ಮಯೋ-ಡಿ ಎಂಬ ಒಂದೇ ಒಂದು ಜೀನನ್ನು, ಸ್ನಾಯುವಿಗೆ ಸಂಬಂಧಪಡದ ಸಾಮಾನ್ಯ ಸಂಯೋಜಕ ಕೋಶಗಳಲ್ಲಿ ಕ್ರಿಯಾಶೀಲವಾಗುವಂತೆ ಮಾಡಿದರು. ಆ ಕೋಶಗಳು ತಮ್ಮ ಹಳೆಯ ರೂಪವನ್ನು ತೊರೆದು ಅಸ್ಥಿಸ್ನಾಯುವಿನ ಕೋಶಗಳಾದವು. ಒಂದು ಜೀನಿನ ಮಾತಿಗೆ ನೂರಾರು ಜೀನುಗಳು ತಲೆದೂಗಿದ್ದವು. ಹೃದಯಕ್ಕೂ ಇಂಥ ಒಬ್ಬನೇ ಯಜಮಾನ ಇರಬಹುದೆಂದು ವಿಜ್ಞಾನಿಗಳು ಹುಡುಕಿದರು. ಅಂಥದು ಸಿಕ್ಕಲಿಲ್ಲ. ಹೃದಯಕೋಶದ ಜೀನುಗಳನ್ನು ಹಲವು ನಿಯಂತ್ರಕ ಪ್ರೋಟೀನುಗಳು ಒಟ್ಟಾಗಿ ನಡೆಸುತ್ತವೆ. ತೋಳಿನದು ಒಬ್ಬ ಯಜಮಾನನ ಮನೆಯಾದರೆ, ಹೃದಯದ್ದು ಹಲವು ಹಿರಿಯರು ಕೂಡಿ ತೀರ್ಮಾನಿಸುವ ಪಂಚಾಯಿತಿಯ ಕಟ್ಟೆ ಎನ್ನಬಹುದು.

ಕೋಶವು ಸ್ನಾಯುವಾದ ಮಾತ್ರಕ್ಕೆ ನಿಯಂತ್ರಣದ ಕೆಲಸ ಮುಗಿಯುವುದಿಲ್ಲ. ಅದು ಎಷ್ಟು ಬೆಳೆಯಬೇಕು, ಎಲ್ಲಿ ನಿಲ್ಲಬೇಕು ಎಂಬುದೂ ಜೀನುಗಳ ಓದಿನಿಂದಲೇ ನಿರ್ಧಾರವಾಗಬೇಕು. ಗರಡಿಮನೆಯಲ್ಲಿ ಸಾಧನೆ ಮಾಡಿದ ಪೈಲ್ವಾನನ ತೋಳು ದಪ್ಪಗಾದರೆ ನಾವು ಮೆಚ್ಚುತ್ತೇವೆ. ಹೃದಯವು ದಪ್ಪಗಾದರೆ ವೈದ್ಯರು ಚಿಂತಿಸುತ್ತಾರೆ. ವ್ಯಾಯಾಮ ಮಾಡುವವರಲ್ಲಿಯೂ ಗರ್ಭಿಣಿಯರಲ್ಲಿಯೂ ಹೃದಯ ಸ್ವಲ್ಪ ಹಿಗ್ಗುವುದುಂಟು. ಅದು ಆರೋಗ್ಯದ ಬೆಳವಣಿಗೆ, ಕಾರಣ ತೀರಿದ ಮೇಲೆ ತಾನಾಗಿ ಇಳಿಯುತ್ತದೆ. ಆದರೆ ಏರಿದ ರಕ್ತದ ಒತ್ತಡ ವರ್ಷಾನುಗಟ್ಟಲೆ ಹಾಗೆಯೇ ಉಳಿದರೆ ಹೃದಯ ಪ್ರತಿಯೊಂದು ಮಿಡಿತಕ್ಕೂ ಹೆಚ್ಚು ಬಲವನ್ನು ಹಾಕಬೇಕಾಗುತ್ತದೆ. ಹೊಸ ಕೋಶಗಳನ್ನು ಹುಟ್ಟಿಸಲಾರದ ಹೃದಯ ಇದ್ದ ಕೋಶಗಳನ್ನೇ ಹಿಗ್ಗಿಸುತ್ತದೆ. ಗೋಡೆಗಳು ದಪ್ಪವಾಗುತ್ತವೆ. ಗರ್ಭದಲ್ಲಿದ್ದಾಗ ಓದಿ ಕಟ್ಟಿಟ್ಟ ಕೆಲವು ಗರಿಗಳು ಅಕಾಲದಲ್ಲಿ ಮತ್ತೆ ಬಿಚ್ಚಿಕೊಳ್ಳುತ್ತವೆ. ಮೊದಮೊದಲು ಇದರಿಂದ ಅನುಕೂಲವಾದಂತೆ ತೋರಿದರೂ ಕಾಲ ಕಳೆದಂತೆ ಹೃದಯ ಸೋಲುತ್ತದೆ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ಒದಗಿಸಲಾರದ ಈ ಸ್ಥಿತಿಗೆ ಹೃದಯ ವೈಫಲ್ಯವೆಂದು ಹೆಸರು.

ಹಾಗಾದರೆ ಆರೋಗ್ಯವಂತನ ಹೃದಯದಲ್ಲಿ ಈ ಅತಿಯಾದ ಬೆಳವಣಿಗೆಯನ್ನು ತಡೆದು ನಿಲ್ಲಿಸಿರುವ ಕೈ ಯಾವುದು? ಈ ಪ್ರಶ್ನೆಯ ಬೆನ್ನು ಹತ್ತಿದವರಲ್ಲಿ ಎನ್. ರವಿ ಸುಂದರೇಶನ್ ಒಬ್ಬರು. ಬೆಂಗಳೂರಿನಲ್ಲಿ ೧೯೦೯ರಲ್ಲಿ ಸ್ಥಾಪಿತವಾದ, ಹಳಬರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಸೂಕ್ಷ್ಮಾಣುಜೀವಶಾಸ್ತ್ರ ಮತ್ತು ಕೋಶಜೀವಶಾಸ್ತ್ರ ವಿಭಾಗದಲ್ಲಿ ಅವರ ಪ್ರಯೋಗಶಾಲೆ ಬೆಳೆಯಿತು. ಅದಕ್ಕೆ ಮೊದಲು ಅವರು ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಮಹೇಶ್ ಗುಪ್ತಾ ಅವರ ಪ್ರಯೋಗಶಾಲೆಯಲ್ಲಿ ಸಂಶೋಧನೆ ನಡೆಸಿದ್ದರು.

ಅವರ ಅಧ್ಯಯನದ ವಸ್ತು ಸರ್ಟುಯಿನ್ ಎಂಬ ಕಿಣ್ವಗಳ ಮನೆತನ. ಈ ಮನೆತನದ ಮೊದಲ ಸದಸ್ಯ ಬೆಳಕಿಗೆ ಬಂದುದು ಹಿಟ್ಟನ್ನು ಹುಳಿಯೇರಿಸುವ ಯೀಸ್ಟ್ ಎಂಬ ಅಲ್ಪಜೀವಿಯಲ್ಲಿ. ಯೀಸ್ಟಿನಲ್ಲಿ ಅದರ ಕೆಲಸ ಕೆಲವು ಜೀನುಗಳನ್ನು ಮೌನವಾಗಿರಿಸುವುದು. ಮನುಷ್ಯನೂ ಸೇರಿದಂತೆ ಸಸ್ತನಿಗಳಲ್ಲಿ ಏಳು ಸರ್ಟುಯಿನುಗಳಿವೆ. ಕೋಶದಲ್ಲಿ ಆಹಾರದಿಂದ ಶಕ್ತಿಯನ್ನು ಬಿಡಿಸುವ ಕಾರ್ಯದಲ್ಲಿ ತೊಡಗಿರುವ ಒಂದು ಸಹಾಯಕ ವಸ್ತುವಿಲ್ಲದೆ ಇವು ಕೆಲಸ ಮಾಡಲಾರವು. ಆದ್ದರಿಂದ ಕೋಶದ ಆಯವ್ಯಯವನ್ನು ಬಲ್ಲ ಮೇಲ್ವಿಚಾರಕರು ಇವರು ಎನ್ನಬಹುದು. ಏಳರಲ್ಲಿ ಆರನೆಯದಾದ ಸರ್ಟ್-೬ ಕೋಶಕೇಂದ್ರದೊಳಗೆ ಡಿಎನ್‌ಎ ಎಳೆಗೆ ಅಂಟಿಕೊಂಡೇ ಇರುತ್ತದೆ. ಹಿಸ್ಟೋನಿನಿಂದ ಅಸಿಟೈಲ್ ಗುಂಪನ್ನು ಕೀಳುತ್ತದೆ. ಅದು ಕಟ್ಟುವ ಕೈ.

ಸುಂದರೇಶನ್ ಮತ್ತು ಅವರ ಸಂಗಡಿಗರು ೨೦೧೨ರಲ್ಲಿ ಒಂದು ಮುಖ್ಯ ಪ್ರಬಂಧವನ್ನು ಪ್ರಕಟಿಸಿದರು. ಸರ್ಟ್-೬ ಇಲ್ಲದಂತೆ ಮಾಡಿದ ಇಲಿಗಳಲ್ಲಿ ಹೃದಯ ಅತಿಯಾಗಿ ಬೆಳೆದು ಕೊನೆಗೆ ಸೋತಿತು. ಸರ್ಟ್-೬ ಹೆಚ್ಚಾಗಿರುವಂತೆ ಮಾಡಿದ ಇಲಿಗಳಲ್ಲಾದರೋ ಹೃದಯವನ್ನು ಹಿಗ್ಗಿಸುವ ಪ್ರಚೋದನೆ ನೀಡಿದಾಗಲೂ ಅದು ಮಿತಿಮೀರಿ ಬೆಳೆಯಲಿಲ್ಲ. ಇಷ್ಟರಿಂದಲೇ ತೃಪ್ತರಾಗದೆ ಅವರು ಮನುಷ್ಯರ ಹೃದಯವನ್ನೂ ಪರೀಕ್ಷಿಸಿದರು. ವಿಫಲಗೊಂಡ ಮಾನವ ಹೃದಯದ ಅಂಗಾಂಶಗಳಲ್ಲಿ ಸರ್ಟ್-೬ರ ಪ್ರಮಾಣ ತಗ್ಗಿರುವುದು ಕಂಡುಬಂದಿತು. ಇಲಿಯಲ್ಲಿ ಕಂಡ ಸತ್ಯದ ನೆರಳು ಮನುಷ್ಯನಲ್ಲಿಯೂ ಬಿದ್ದಿತ್ತು.

ಇದು ನಡೆಯುವ ಬಗೆಯನ್ನೂ ಅವರು ಬಿಡಿಸಿ ತೋರಿಸಿದರು. ಇನ್ಸುಲಿನ್ನನ್ನು ಹೋಲುವ ಒಂದು ಬೆಳವಣಿಗೆಯ ಪ್ರೋಟೀನು ನಮ್ಮ ದೇಹದಲ್ಲಿದೆ. ಅದು ಕೋಶದ ಬಾಗಿಲಿಗೆ ಬಂದು ಕರೆದರೆ, ಆ ಕರೆ ಒಬ್ಬರಿಂದೊಬ್ಬರಿಗೆ ಸುದ್ದಿ ಮುಟ್ಟಿಸಿದಂತೆ ಹಲವು ಪ್ರೋಟೀನುಗಳ ಮೂಲಕ ಒಳಗೆ ಸಾಗಿ, ಬೆಳೆ ಎಂಬ ಆಜ್ಞೆಯಾಗುತ್ತದೆ. ಈ ಸಂದೇಶದ ದಾರಿಗೆ ಬೇಕಾದ ಜೀನುಗಳನ್ನು ಎಚ್ಚರಿಸುವವರಲ್ಲಿ ಸಿ-ಜೂನ್ ಎಂಬ ಪ್ರೋಟೀನೂ ಒಂದು. ಸರ್ಟ್-೬ ಈ ಸಿ-ಜೂನಿನ ಜೊತೆಗೂಡಿ ಅದೇ ಜೀನುಗಳ ಹೊಸ್ತಿಲಿನಲ್ಲಿ ನಿಲ್ಲುತ್ತದೆ. ಅಲ್ಲಿನ ಹಿಸ್ಟೋನಿನ ಅಸಿಟೈಲ್ ಗುಂಪನ್ನು ಕಿತ್ತು ಕಟ್ಟನ್ನು ಬಿಗಿಮಾಡುತ್ತದೆ. ಓದು ಮಿತವಾಗುತ್ತದೆ, ಹೃದಯದ ಬೆಳವಣಿಗೆಯೂ ಮಿತದಲ್ಲಿರುತ್ತದೆ. ಸರ್ಟ್-೬ ಇಲ್ಲವಾದರೆ ದಾರ ಬಿಚ್ಚಿಕೊಳ್ಳುತ್ತದೆ. ಬೆಳೆ, ಬೆಳೆ ಎಂಬ ಕೂಗು ನಿಲ್ಲುವುದೇ ಇಲ್ಲ.

ಇಲ್ಲಿಗೆ ಕಥೆ ಮುಗಿದಿದ್ದರೆ ಸರ್ಟ್-೬ ದೇಹದ ಪರಮಮಿತ್ರನೆಂದು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಅದೇ ಪ್ರೋಟೀನು ತೋಳಿನಲ್ಲಿ ಏನು ಮಾಡುತ್ತದೆ ಎಂಬ ಪ್ರಶ್ನೆ ಉಳಿದಿತ್ತು. ಬೆಂಗಳೂರಿನ ಪ್ರಯೋಗಶಾಲೆಯಲ್ಲಿ ಸುಂದರೇಶನ್ನರೂ ಅವರ ವಿದ್ಯಾರ್ಥಿಗಳೂ ಇದನ್ನು ಕೈಗೆತ್ತಿಕೊಂಡರು. ಅವರು ಆರಿಸಿಕೊಂಡ ವಿಷಯ ಸಾಮಾನ್ಯ ಜನರ ಬದುಕಿಗೆ ಬಹಳ ಹತ್ತಿರದ್ದು. ಉಬ್ಬಸ, ಸಂಧಿವಾತ ಮೊದಲಾದ ಹಲವು ಕಾಯಿಲೆಗಳಿಗೆ ವೈದ್ಯರು ಸ್ಟೀರಾಯ್ಡ್ ಎಂಬ ಬಗೆಯ ಔಷಧಿಗಳನ್ನು ಕೊಡುತ್ತಾರೆ. ಡೆಕ್ಸಾಮೆಥಸೋನ್ ಅವುಗಳಲ್ಲಿ ಒಂದು. ಒತ್ತಡದ ಸಮಯದಲ್ಲಿ ದೇಹವೇ ಸುರಿಸುವ ಒಂದು ಹಾರ್ಮೋನನ್ನು ಇವು ಹೋಲುತ್ತವೆ. ಜೀವವನ್ನುಳಿಸುವ ಔಷಧಿಗಳಿವು, ಇದರಲ್ಲಿ ಸಂದೇಹವಿಲ್ಲ. ಆದರೆ ಬಹುಕಾಲ ಹೆಚ್ಚು ಪ್ರಮಾಣದಲ್ಲಿ ದೇಹ ಸೇರಿದರೆ ಇವುಗಳಿಂದ ತೋಳು ತೊಡೆಗಳ ಸ್ನಾಯು ಕರಗುತ್ತ ಹೋಗುತ್ತದೆ. ಕುಳಿತವನು ಏಳಲು, ಮೆಟ್ಟಿಲೇರಲು, ತುಂಬಿದ ಕೊಡವನ್ನು ಎತ್ತಲು ಕಷ್ಟಪಡುವಂತಾಗುತ್ತದೆ.

೨೦೨೨ರಲ್ಲಿ ಈ ತಂಡ ತನ್ನ ಫಲಿತಾಂಶವನ್ನು ಪ್ರಕಟಿಸಿತು. ಡೆಕ್ಸಾಮೆಥಸೋನ್ ಕೊಟ್ಟ ಇಲಿಗಳ ಅಸ್ಥಿಸ್ನಾಯುವಿನಲ್ಲಿ ಸರ್ಟ್-೬ರ ಪ್ರಮಾಣ ಏರಿತ್ತು. ಸ್ನಾಯುವಿನಲ್ಲಿ ಮಾತ್ರ ಸರ್ಟ್-೬ ಇಲ್ಲದಂತೆ ಮಾಡಿದ ಇಲಿಗಳಿಗೆ ಅದೇ ಔಷಧಿಯನ್ನು ಕೊಟ್ಟಾಗ ಅವುಗಳ ಸ್ನಾಯು ಕ್ಷಯಿಸದೆ ಉಳಿಯಿತು. ಸರ್ಟ್-೬ರ ಕೆಲಸವನ್ನು ತಡೆಯುವ ರಾಸಾಯನಿಕವೊಂದರಿಂದಲೂ ಇಂಥದೇ ರಕ್ಷಣೆ ದೊರೆಯಿತು. ಇದಕ್ಕೆ ಕಾರಣವನ್ನು ಹುಡುಕಿದಾಗ ಕಂಡುದು ಹೃದಯದಲ್ಲಿ ಕಂಡ ಹಳೆಯ ದಾರಿಯೇ: ಅದೇ ಬೆಳವಣಿಗೆಯ ಸಂದೇಶ, ಅದೇ ಸಿ-ಜೂನ್, ಅದೇ ಕಟ್ಟುವ ಕೈ. ಹೃದಯದಲ್ಲಿ ಬೆಳವಣಿಗೆಯನ್ನು ತಡೆದು ಪ್ರಾಣವನ್ನು ಕಾಯ್ದ ಕೈಯೇ, ಇಲ್ಲಿ ಬೆಳವಣಿಗೆಯನ್ನು ತಡೆದು ತೋಳನ್ನು ಸೊರಗಿಸುತ್ತಿತ್ತು.

ಈ ಸಂಶೋಧನೆಯ ತಿರುಳು ಇಲ್ಲಿದೆ. ದೇಹದೊಳಗೆ ಒಳ್ಳೆಯ ಜೀನು, ಕೆಟ್ಟ ಜೀನು ಎಂಬ ಸರಳ ವಿಂಗಡಣೆ ನಡೆಯದು. ಒಂದು ಪ್ರೋಟೀನು ವರವೋ ಶಾಪವೋ ಎಂಬುದು ಅದು ಎಲ್ಲಿ, ಯಾವಾಗ, ಎಷ್ಟು ದುಡಿಯುತ್ತದೆ ಎಂಬುದರ ಮೇಲೆ ನಿಂತಿದೆ. ಬಾವಿಯ ಹಗ್ಗ ಬಿಗಿಯಾಗಿರಬೇಕು. ತೊಟ್ಟಿಲ ಕೂಸಿನ ಬಟ್ಟೆ ಸಡಿಲವಾಗಿರಬೇಕು. ಬಿಗಿತವೇ ಒಳ್ಳೆಯದೆಂದಾಗಲಿ, ಸಡಿಲಿಕೆಯೇ ಒಳ್ಳೆಯದೆಂದಾಗಲಿ ಹೇಳಲು ಬರುವುದಿಲ್ಲ.

ಇದು ಕೇವಲ ತತ್ತ್ವದ ಮಾತಲ್ಲ. ಮುಂದೊಂದು ದಿನ ತಯಾರಾಗಬಹುದಾದ ಔಷಧಿಯ ಪ್ರಶ್ನೆ. ಕರಗುತ್ತಿರುವ ತೋಳನ್ನು ಉಳಿಸಲು ಸರ್ಟ್-೬ರ ಕೈಕಟ್ಟುವ ಗುಳಿಗೆಯೊಂದನ್ನು ಮಾಡಿದರೆಂದು ಭಾವಿಸೋಣ. ನುಂಗಿದ ಗುಳಿಗೆ ರಕ್ತದಲ್ಲಿ ಬೆರೆಯುತ್ತದೆ. ರಕ್ತಕ್ಕೆ ತೋಳು ಬೇರೆ, ಹೃದಯ ಬೇರೆ ಎಂಬ ಭೇದವಿಲ್ಲ. ತೋಳಿಗೆ ಬಲ ಕೊಡಲು ಹೊರಟ ಮದ್ದು ಹೃದಯದ ಕಾವಲನ್ನು ಕಿತ್ತುಹಾಕಿದರೆ ಗತಿಯೇನು? ಹಾಗೆಯೇ, ಹೃದಯವನ್ನು ಕಾಯಲು ಸರ್ಟ್-೬ನ್ನು ಹೆಚ್ಚಿಸಿದರೆ ತೋಳು ತೊಡೆಗಳ ಪಾಡೇನು? ಇಂಥ ಮದ್ದು ಬೇಕಾದ ಅಂಗಕ್ಕೆ ಮಾತ್ರ ತಲಪುವಂತೆ, ಬೇಕಾದಷ್ಟು ಕಾಲ ಮಾತ್ರ ಕೆಲಸ ಮಾಡುವಂತೆ ನೋಡಿಕೊಳ್ಳಬೇಕಾಗುತ್ತದೆ. ಎರಡು ಸ್ನಾಯುಗಳನ್ನೂ ಒಟ್ಟಿಗೆ ಅಭ್ಯಾಸ ಮಾಡದಿದ್ದರೆ ಈ ಎಚ್ಚರಿಕೆಯೇ ಹುಟ್ಟುತ್ತಿರಲಿಲ್ಲ.

ಮತ್ತೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಷಿಕಾಗೊದಲ್ಲಿ ಮಹೇಶ್ ಗುಪ್ತಾ ಅವರ ತಂಡ ೨೦೧೭ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಮೇಲುನೋಟಕ್ಕೆ ಇದಕ್ಕೆ ವಿರುದ್ಧವಾದುದನ್ನು ಹೇಳಿತ್ತು. ಸ್ನಾಯುವಿನ ಬೆಳವಣಿಗೆಗೆ ಅಡ್ಡಬರುವ ಮಯೋಸ್ಟಾಟಿನ್ ಎಂಬ ಮತ್ತೊಂದು ಪ್ರೋಟೀನಿದೆ. ಸರ್ಟ್-೬ ಇಲ್ಲವಾದಾಗ ಮಯೋಸ್ಟಾಟಿನ್ ಹೆಚ್ಚುತ್ತದೆ, ಆದ್ದರಿಂದ ಸರ್ಟ್-೬ ಸ್ನಾಯುಕ್ಷಯವನ್ನು ತಡೆಯುತ್ತದೆ ಎಂಬುದು ಆ ಅಧ್ಯಯನದ ನಿರ್ಣಯ. ಅರ್ಬುದರೋಗದಿಂದ ಸೊರಗಿದ ಇಲಿಗಳಲ್ಲಿ ಸರ್ಟ್-೬ ತಗ್ಗಿ ಮಯೋಸ್ಟಾಟಿನ್ ಏರಿದ್ದುದನ್ನೂ ಅದು ತೋರಿಸಿತು. ಹಾಗಾದರೆ ಯಾರ ಮಾತು ಸರಿ? ಇಲ್ಲಿ ಅವಸರದ ತೀರ್ಪು ಸಲ್ಲದು. ಅರ್ಬುದದಿಂದ ಬಂದ ಸೊರಗು ಒಂದು, ಸ್ಟೀರಾಯ್ಡಿನಿಂದ ಬಂದ ಸೊರಗು ಇನ್ನೊಂದು. ದೇಹದ ಎಲ್ಲ ಅಂಗಗಳಿಂದಲೂ ಸರ್ಟ್-೬ನ್ನು ತೆಗೆಯುವುದು ಒಂದು, ಸ್ನಾಯುವಿನಿಂದ ಮಾತ್ರ ತೆಗೆಯುವುದು ಇನ್ನೊಂದು. ಎರಡು ಸಾಕ್ಷ್ಯಗಳು ಹೊಂದದಿದ್ದಾಗ ವಿಜ್ಞಾನಿಯು ಒಂದನ್ನು ಮುಚ್ಚಿಡುವುದಿಲ್ಲ. ಎರಡನ್ನೂ ಮೇಜಿನ ಮೇಲಿಟ್ಟು, ಯಾವ ಸಂದರ್ಭದಲ್ಲಿ ಯಾವುದು ನಿಜ ಎಂದು ಮತ್ತೆ ಕೇಳುತ್ತಾನೆ. ಪ್ರಶ್ನೆ ಹರಿತವಾದಷ್ಟೂ ಉತ್ತರ ತಿಳಿಯಾಗುತ್ತದೆ.

ಇಂಥ ಒಂದೊಂದು ವಾಕ್ಯದ ಹಿಂದೆಯೂ ವರ್ಷಗಳ ತಾಳ್ಮೆಯಿದೆ. ಸ್ನಾಯುವಿನಲ್ಲಿ ಮಾತ್ರ ಒಂದು ಜೀನು ಇಲ್ಲದ ಇಲಿಗಳನ್ನು ಪೀಳಿಗೆಯಿಂದ ಪೀಳಿಗೆಗೆ ಸಾಕಿ ಪಡೆಯಬೇಕು. ಸ್ನಾಯುವನ್ನು ಕೂದಲಿಗಿಂತ ತೆಳುವಾದ ಪದರಗಳಾಗಿ ಕತ್ತರಿಸಿ, ಒಂದೊಂದು ತಂತುವಿನ ಅಗಲವನ್ನೂ ಅಳೆಯಬೇಕು. ಬಟ್ಟಲಿನಲ್ಲಿ ಬೆಳೆಸಿದ ಕೋಶಗಳಲ್ಲಿ ಅದೇ ಪ್ರಯೋಗವನ್ನು ಮತ್ತೆ ನಡೆಸಿ ತಾಳೆನೋಡಬೇಕು. ಹೃದಯದ ಪ್ರಬಂಧಕ್ಕೂ ತೋಳಿನ ಪ್ರಬಂಧಕ್ಕೂ ನಡುವೆ ಹತ್ತು ವರ್ಷಗಳು ಸಂದಿವೆ ಎಂಬುದನ್ನು ನೆನೆದರೆ ಸಾಕು. ಈ ಕೆಲಸ ಒಬ್ಬನಿಂದ ಆಗುವಂಥದೂ ಅಲ್ಲ. ಹೃದಯದ ಹಾಗೆ ಪ್ರಯೋಗಶಾಲೆಯೂ ಹಲವು ಕೈಗಳು ಕೂಡಿ ನಡೆಸುವ ಕಾಯಕವೇ.

ಈ ಜ್ಞಾನದಿಂದ ಔಷಧಿ ಸಿದ್ಧವಾಗಿ ಅಂಗಡಿಗೆ ಬರಲು ಇನ್ನೂ ಬಹುದೂರ ಸಾಗಬೇಕು. ಇಲಿಯಲ್ಲಿ ಕಂಡುದು ಮನುಷ್ಯನಿಗೆ ಹೊಂದುವುದೆಂದು ಮೊದಲೇ ಹೇಳಲಾಗದು. ಆದರೆ ಇಂದೇ ಕಲಿಯಬೇಕಾದ ಪಾಠಗಳೂ ಇದರಲ್ಲಿವೆ. ಮೈಕೈ ನೋವಿಗೆಂದೋ, ಉಬ್ಬಸಕ್ಕೆಂದೋ, ಬೇಗ ಗುಣವಾಗಲೆಂದೋ ಹೆಸರರಿಯದ ಗುಳಿಗೆಗಳನ್ನು ತಿಂಗಳುಗಟ್ಟಲೆ ನುಂಗುವ ಅಭ್ಯಾಸ ನಮ್ಮ ಊರುಗಳಲ್ಲಿ ಇಲ್ಲದಿಲ್ಲ. ಅವುಗಳಲ್ಲಿ ಸ್ಟೀರಾಯ್ಡ್ ಅಡಗಿದ್ದರೆ ನೋವು ಮಾಯವಾದಂತೆ ತೋರುತ್ತಿರುವಾಗಲೇ ತೋಳು ತೊಡೆಗಳ ಕೋಶಗಳಲ್ಲಿ ಬೆಳವಣಿಗೆಯ ಗರಿಗಳು ಕಟ್ಟಿಕೊಳ್ಳುತ್ತಿರಬಹುದು. ವೈದ್ಯರ ಅಪ್ಪಣೆಯಿಲ್ಲದೆ ಅಂಥ ಔಷಧಿಯನ್ನು ಆರಂಭಿಸಬಾರದು. ವೈದ್ಯರೇ ಕೊಟ್ಟುದನ್ನು ಅವರನ್ನು ಕೇಳದೆ ಒಮ್ಮೆಲೇ ನಿಲ್ಲಿಸಲೂಬಾರದು. ರಕ್ತದ ಒತ್ತಡದ ಮಾತೂ ಹೀಗೆಯೇ. ಅದು ನೋವಿಲ್ಲದೆ ಬರುತ್ತದೆ, ಸದ್ದಿಲ್ಲದೆ ಹೃದಯದ ಗೋಡೆಯನ್ನು ದಪ್ಪಮಾಡುತ್ತದೆ. ತೋಳಿಗೆ ಕಟ್ಟಿ ಅಳೆಯುವ ಪಟ್ಟಿಯೊಂದು ಕೆಲವೇ ನಿಮಿಷಗಳಲ್ಲಿ ಅದನ್ನು ಕಂಡುಹಿಡಿಯಬಲ್ಲದು. ಹೃದಯದ ಸುದ್ದಿಯನ್ನು ತೋಳು ಹೇಳುವ ಈ ಪರೀಕ್ಷೆಯನ್ನು ಮನೆಯ ಹಿರಿಯರು ಕಾಲಕಾಲಕ್ಕೆ ಮಾಡಿಸಿಕೊಳ್ಳುವಂತೆ ಶಾಲೆಗೆ ಹೋಗುವ ಮಕ್ಕಳೇ ನೆನಪಿಸಬಹುದು.

ಬರುವ ವರ್ಷವೂ ಹುಮನಾಬಾದಿನಲ್ಲಿ ತೇರು ಸಾಗುತ್ತದೆ. ಮಿಣಿ ಜಗ್ಗುವ ಒಂದೊಂದು ತೋಳಿನಲ್ಲಿಯೂ, ಆ ತೋಳಿಗೆ ರಕ್ತವನ್ನು ಕಳುಹಿಸುವ ಒಂದೊಂದು ಹೃದಯದಲ್ಲಿಯೂ, ಒಂದೇ ಬರೆಹದ ಗರಿಗಳು ಎರಡು ಬಗೆಯಲ್ಲಿ ಓದಲ್ಪಡುತ್ತಿರುತ್ತವೆ. ತೇರನ್ನು ಮುಂದಕ್ಕೆ ಎಳೆಯುವವರಿದ್ದಂತೆಯೇ, ಗಾಲಿಯ ಅಡಿಗೆ ಗೊದ್ದ ಕೊಟ್ಟು ಅದನ್ನು ತಡೆಯುವವರೂ ಇರುತ್ತಾರೆ. ಎಳೆಯುವವರಷ್ಟೇ ಇದ್ದರೆ ತೇರು ಜನರ ಮೇಲೆ ಹರಿದೀತು. ತಡೆಯುವವರಷ್ಟೇ ಇದ್ದರೆ ನಿಂತಲ್ಲಿಯೇ ನಿಂತೀತು. ಎಲ್ಲಿ ಎಳೆಯಬೇಕು, ಎಲ್ಲಿ ತಡೆಯಬೇಕು ಎಂಬ ಹದವನ್ನು ಬಲ್ಲವರಿಂದಲೇ ತೇರು ಸುಖವಾಗಿ ನೆಲೆ ಸೇರುತ್ತದೆ. ಜೀವದ ತೇರಿನಲ್ಲಿ ಆ ಹದವನ್ನು ಕಾಯುತ್ತಿರುವ ಕೈಗಳಲ್ಲಿ ಕೆಲವನ್ನು ಮಾತ್ರ ವಿಜ್ಞಾನ ಇಂದು ಗುರುತಿಸಿದೆ. ಉಳಿದವು ಇನ್ನೂ ಕತ್ತಲಲ್ಲಿವೆ. ಅವನ್ನು ಬೆಳಕಿಗೆ ತರುವ ಕೆಲಸ, ಈಗ ಶಾಲೆಯ ಬೆಂಚಿನ ಮೇಲೆ ಕುಳಿತು ಏಕೆ, ಹೇಗೆ ಎಂದು ಕೇಳುತ್ತಿರುವವರಿಗಾಗಿ ಕಾದಿದೆ.